ಕಾಗದ ಯಾರ ಹೆಸರಿಗೆ ಬಂದಿದೆ?

ನಮ್ಮ ಕಡೆಯ ಸಭೆಗಳಲ್ಲಿ ವರ್ಷಕ್ಕೆ ಎರಡು ಸಲವಾದ್ರೂ ಬರೋ ಪ್ರಸಂಗ ಒಂದಿದೆ. ಸೇಡಂ ಇರಲಿ, ಚಿತ್ತಾಪುರ ಇರಲಿ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲೇ ಇರಲಿ, ಅದು ಹೋಗೋ ದಾರಿ ಒಂದೇ. ಶುರುವಾಗೋದು ಇಬ್ರಿಯರಿಗೆ ಬರೆದ ಪತ್ರದ 13ನೇ ಅಧ್ಯಾಯದಿಂದ. ಸಭೆ ನಡೆಸುವವರಿಗೆ ಜನ ತಗ್ಗಿ ನಡೀಬೇಕು ಅನ್ನೋ ಅರ್ಥದ ವಚನ. ಅಲ್ಲಿಂದ ರೋಮಾಪುರದವರಿಗೆ ಬರೆದ ಪತ್ರ, ಸರ್ಕಾರಕ್ಕೂ ಅಧೀನರಾಗಿರಬೇಕು ಅನ್ನೋದು. ಅಲ್ಲಿಂದ ದಾವೀದ ಮತ್ತು ಸೌಲ. ಕೊನೆಗೆ ಮೋಶೆಯ ವಿರುದ್ಧ ತಿರುಗಿಬಿದ್ದ ಕೋರಹ, ಅವನನ್ನು ಭೂಮಿ ಬಾಯಿ ತೆರೆದು ನುಂಗಿದ್ದು. ಪ್ರಸಂಗ ಮುಗಿಯೋ ಹೊತ್ತಿಗೆ ಮುಂದಿನ ಸಾಲಿನ ಅವ್ವಂದಿರು ಕಣ್ಣೊರೆಸಿಕೊಳ್ತಿರ್ತಾರೆ, ಹಿಂದಿನ ಸಾಲಿನ ಹುಡುಗರು ಮೊಬೈಲ್ ತೆಗೆದಿರ್ತಾರೆ.

ನಾನು ಈ ಪ್ರಸಂಗವನ್ನ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಅದರಲ್ಲಿ ಬರೋ ವಚನಗಳ ಜೊತೆ ನನಗೆ ಜಗಳ ಇಲ್ಲ. ನನ್ನ ಪ್ರಶ್ನೆ ಸಣ್ಣದು, ಪೋಸ್ಟ್‌ಮ್ಯಾನ್ ಕೇಳುವಂಥದ್ದು. ಈ ಕಾಗದ ಯಾರ ಹೆಸರಿಗೆ ಬಂದಿದೆ?

ಪ್ರಶ್ನೆ ಯಾಕೆ ಅಂತ ಹೇಳ್ತೀನಿ. ನನಗೆ ತಂಗಿಯಾಗಬೇಕಾದ ಒಬ್ಬಳಿದ್ದಾಳೆ, ಚಿಕ್ಕಮ್ಮನ ಮಗಳು. ಮೇಲೆ ಹೇಳಿದ ಐದು ಊರಲ್ಲಿ ಒಂದರವಳು, ಯಾವುದು ಅಂತ ಹೇಳಲ್ಲ. ಬಿಕಾಂ ಮಾಡಿ, ಸಿಮೆಂಟ್ ಕಂಪನಿಗೆ ಲಾರಿ ಬಿಡೋ ಕಾಂಟ್ರ್ಯಾಕ್ಟರ್ ಒಬ್ಬರ ಆಫೀಸಲ್ಲಿ ಲೆಕ್ಕ ಬರೀತಿದ್ದಳು. ಪುಣೆಯಲ್ಲಿ ಕೆಲಸ ಸಿಕ್ತು, ಸಂಬಳ ಎರಡು ಪಟ್ಟಿಗಿಂತ ಜಾಸ್ತಿ. ಪಾಸ್ಟರ್ ಹತ್ರ ಹೋಗಿ ಪ್ರಾರ್ಥನೆ ಮಾಡಿಸಿಕೊಂಡು ಹೊರಡೋಣ ಅಂತ ಹೋದಳು. ಅವರು ಕಣ್ಣು ಮುಚ್ಚಿದ್ರು, ಸ್ವಲ್ಪ ಹೊತ್ತು ಬಿಟ್ಟು ತೆಗೆದು, "ನೋಡವಾ, ದೇವ್ರು ನಿನಗ ಹೋಗಂತ ಹೇಳವಲ್ಲ. ನಮ್ಮ ಕವರಿಂಗ್ ಬಿಟ್ಟು ಹೋದ್ರ ಮುಂದಾಗಿದ್ದಕ್ಕ ನಾ ಜವಾಬ್ದಾರಿ ಅಲ್ಲ" ಅಂದ್ರಂತೆ. ಇವಳು, "ದೇವ್ರು ನನಗ ಯಾಕ ಹೇಳಲಿಲ್ಲರಿ, ಅಯ್ನೋರ?" ಅಂತ ಕೇಳಿದಳು. ಮುಂದಿನ ಭಾನುವಾರ ಅದೇ ಪ್ರಸಂಗ ಬಂತು. ಹೆಸರು ಹೇಳಲಿಲ್ಲ. ಇಪ್ಪತ್ತೈದು ಮನೆಯವರು ಕೂಡುವ ಹಾಲ್‌ನಲ್ಲಿ ಹೆಸರು ಹೇಳೋ ಅಗತ್ಯ ಇರಲ್ಲ.

ಅವಳು ಹೋಗಲಿಲ್ಲ. ಆರು ತಿಂಗಳು ಇದ್ದಳು. ಆ ಆರು ತಿಂಗಳಲ್ಲಿ ಅವಳ ದಶಮಾಂಶ ಹಾಲ್‌ಗೆ ಬರ್ತಾನೇ ಇತ್ತು, ಅದನ್ನೂ ಇಲ್ಲಿ ಬರೆದಿಡ್ತೀನಿ. ಆಮೇಲೆ ಒಂದಿನ ರಾತ್ರಿ ಫೋನ್ ಮಾಡಿ, "ಅಣ್ಣಾ, ನಾ ತಿರುಗಿಬಿದ್ದಾಕಿ ಏನು? ಮಾಟ ಮಾಡಿಸಿದಷ್ಟು ಪಾಪ ಅಂತಾರ, ಖರೇ ಏನು?" ಅಂತ ಕೇಳಿದಳು. ಲೆಕ್ಕಪತ್ರದಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿ ಆದ್ರೂ ನಿದ್ದೆ ಮಾಡದ ಹುಡುಗಿ ಅವಳು. ಆ ಪ್ರಶ್ನೆಯನ್ನ ತಮಾಷೆ ಮಾಡಿ ಹಾರಿಸೋ ಹಾಗಿರಲಿಲ್ಲ.

ತಿರುಗಿಬೀಳೋದು ಮಾಟಮಂತ್ರದಷ್ಟೇ ಪಾಪ ಅನ್ನೋ ಮಾತು ಬೈಬಲ್‌ನಲ್ಲಿ ಇರೋದು ನಿಜ. ಸಮುವೇಲನ ಮೊದಲ ಪುಸ್ತಕ, 15ನೇ ಅಧ್ಯಾಯ. ಆದ್ರೆ ಅದನ್ನ ಯಾರು ಯಾರಿಗೆ ಹೇಳ್ತಾರೆ? ಪ್ರವಾದಿ ಸಮುವೇಲ ಹೇಳೋದು ರಾಜ ಸೌಲನಿಗೆ. ಅಮಾಲೇಕ್ಯರ ಮೇಲಿನ ಯುದ್ಧದಲ್ಲಿ ಕೊಬ್ಬಿದ ದನಕುರಿಗಳನ್ನ ಉಳಿಸಿಕೊಂಡು, "ಜನರೇ ಉಳಿಸಿದ್ದು, ದೇವರಿಗೆ ಬಲಿ ಕೊಡೋಕೆ" ಅಂತ ಜಾರಿಕೊಂಡ ರಾಜನಿಗೆ. ಅಂದ್ರೆ ಅಧಿಕಾರದಲ್ಲಿ ಕೂತವನ ಮುಖಕ್ಕೆ ಹೇಳಿದ ಮಾತು ಅದು. ಅದನ್ನ ತಿರುಗಿಸಿ ಲೆಕ್ಕ ಬರೆಯೋ ಹುಡುಗಿಯ ಮೇಲೆ ಬಿಟ್ಟಿದ್ದಾರೆ.

ಇನ್ನೊಂದು ಮಾತಿದೆ, ಅಭಿಷಿಕ್ತರನ್ನ ಮುಟ್ಟಬಾರದು ಅನ್ನೋದು. ಪಾಸ್ಟರ್‌ಗಳ ಬಗ್ಗೆ ಯಾರಾದ್ರೂ ಪ್ರಶ್ನೆ ಎತ್ತಿದ ತಕ್ಷಣ ಹೊರಗೆ ಬರೋ ಅಸ್ತ್ರ. 105ನೇ ಕೀರ್ತನೆ ತೆಗೆದು ಮೇಲಿನ ಎರಡು ಸಾಲು ಓದಿ ನೋಡಿ. ಅಲ್ಲಿ ದೇವರು ಗದರಿಸ್ತಿರೋದು ರಾಜರನ್ನ. ಯಾರ ಪರವಾಗಿ? ಸ್ವಂತ ಜಮೀನಿಲ್ಲದೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರ ಕುಟುಂಬದ ಪರವಾಗಿ. ನಮ್ಮ ಕಾಲದ ಮಾತಲ್ಲಿ ಹೇಳೋದಾದ್ರೆ, ಗುಳೆ ಹೊರಟವರನ್ನ ಮುಟ್ಟಬೇಡಿ ಅಂತ ದೊಡ್ಡವರಿಗೆ ಕೊಟ್ಟ ಎಚ್ಚರಿಕೆ. ಚಿಂಚೋಳಿ ತಾಂಡಾಗಳಿಂದ ಮುಂಬೈ, ಪುಣೆಗೆ ದುಡಿಯೋಕೆ ಹೋಗೋ ಜನಕ್ಕೆ ಅದು ರಕ್ಷಣೆಯ ಮಾತು. ಪುಣೆಗೆ ಹೊರಟ ನನ್ನ ತಂಗಿಗೂ ಅದು ರಕ್ಷಣೆಯ ಮಾತೇ ಆಗಬೇಕಿತ್ತು!

ದಾವೀದ–ಸೌಲರ ಕತೆಯನ್ನೂ ಅರ್ಧಕ್ಕೇ ನಿಲ್ಲಿಸ್ತಾರೆ. ಗುಹೆಯಲ್ಲಿ ಕೈಗೆ ಸಿಕ್ಕ ಸೌಲನನ್ನ ದಾವೀದ ಕೊಲ್ಲಲಿಲ್ಲ, ದೇವರ ಅಭಿಷಿಕ್ತ ಅಂತ ಬಿಟ್ಟ. ಅಲ್ಲಿಗೆ ಆಮೆನ್. ಆದ್ರೆ ಅದೇ ಅಧ್ಯಾಯದಲ್ಲಿ ದಾವೀದ ಅವನ ನಿಲುವಂಗಿಯ ತುದಿ ಕತ್ತರಿಸಿಕೊಳ್ತಾನೆ, ಹೊರಗೆ ಬಂದು ಅದನ್ನ ಎತ್ತಿ ಹಿಡಿದು, ಎಲ್ಲರಿಗೂ ಕೇಳೋ ಹಾಗೆ ನೀನು ಮಾಡ್ತಿರೋದು ಅನ್ಯಾಯ ಅಂತ ಸೌಲನಿಗೇ ಹೇಳ್ತಾನೆ. ಸೌಲ ಅತ್ತು ತಪ್ಪೊಪ್ಪಿಕೊಂಡ ಮೇಲೂ ಅವನ ಜೊತೆ ಅರಮನೆಗೆ ವಾಪಸ್ ಹೋಗಲ್ಲ. ಸೌಲ ಮನೆಗೆ, ದಾವೀದ ತನ್ನ ಕೋಟೆಗೆ. ಕೈ ಎತ್ತಲಿಲ್ಲ, ನಿಜ. ಬಾಯಿ ಮುಚ್ಚಲಿಲ್ಲ, ಕೈಗೆಟುಕುವ ದೂರದಲ್ಲಿ ನಿಲ್ಲಲೂ ಇಲ್ಲ.

ಬೈಬಲ್‌ನಲ್ಲಿ ಅಧೀನತೆಯ ಬಗ್ಗೆ ಇರೋ ಕಾಗದಗಳಲ್ಲಿ ಎರಡು ಥರ. ಕೆಳಗಿರೋರಿಗೆ ಬರೆದದ್ದು, ಮೇಲಿರೋರಿಗೆ ಬರೆದದ್ದು. ಸಭೆಯವರಿಗೆ ಬರೆದದ್ದು: ನಡೆಸುವವರ ಮಾತಿಗೆ ಬೆಲೆ ಕೊಡಿ. ನಡೆಸುವವರಿಗೆ ಬರೆದದ್ದು ಬೇರೆಯೇ, ಪೇತ್ರನ ಮೊದಲ ಪತ್ರದ 5ನೇ ಅಧ್ಯಾಯದಲ್ಲಿದೆ. ಹಣದಾಸೆಗೆ ಈ ಕೆಲಸ ಮಾಡಬೇಡಿ, ನಿಮ್ಮ ಕೈಗೆ ಕೊಟ್ಟವರ ಮೇಲೆ ದೊರೆತನ ಮಾಡಬೇಡಿ, ನೀವೇ ಮಾದರಿಯಾಗಿರಿ ಅನ್ನೋ ತಾತ್ಪರ್ಯ. ಹೆಂಡತಿ ಗಂಡನಿಗೆ ಅಧೀನಳಾಗಿರಲಿ ಅನ್ನೋದು ಹೆಂಡತಿಗೆ ಬಂದ ಕಾಗದ. ಗಂಡನಿಗೆ ಬಂದ ಕಾಗದದಲ್ಲಿ "ಅವಳನ್ನ ಅಧೀನದಲ್ಲಿಟ್ಟುಕೋ" ಅಂತ ಇಲ್ಲ. ಪ್ರಾಣ ಕೊಡೋವಷ್ಟು ಪ್ರೀತಿಸು ಅಂತಿದೆ. ಅದಕ್ಕೂ ಒಂದು ವಚನ ಮುಂಚೆ ಎಲ್ಲರೂ ಒಬ್ಬರಿಗೊಬ್ಬರು ಅಧೀನರಾಗಿರಬೇಕು ಅಂತಿದೆ. ಆ ವಚನ ನಮ್ಮ ಮದುವೆ ಪ್ರಸಂಗಗಳಲ್ಲಿ ಎಲ್ಲಿ ಮಾಯ ಆಗುತ್ತೋ ಗೊತ್ತಿಲ್ಲ.

ನನ್ನ ಹೆಸರಿನ ಕಾಗದವನ್ನ ನಾನು ತೆಗೆದು ಓದಿ, ಒಪ್ಪಿ, ತಗ್ಗಿದ್ರೆ ಅದು ಅಧೀನತೆ. ಅದೇ ಕಾಗದವನ್ನ ಪಾಸ್ಟರ್ ತೆಗೆದು ನನ್ನೆದುರು ಜೋರಾಗಿ ಓದಿದಾಗ ಅಕ್ಷರ ಅವೇ ಇರ್ತವೆ, ಆದ್ರೆ ಅದು ಬೇರೆ ವಸ್ತು ಆಗಿಬಿಟ್ಟಿರುತ್ತೆ. ಸ್ನೇಹಿತ ನನ್ನ ಮನೆಗೆ ಬಂದು ಊಟ ಮಾಡೋದಕ್ಕೂ, ನನ್ನ ಅಡುಗೆಮನೆಗೆ ನುಗ್ಗಿ ಬಡಿಸಿಕೊಳ್ಳೋದಕ್ಕೂ ಇರೋ ವ್ಯತ್ಯಾಸ ಇದು. ಅನ್ನ ಅದೇ.

ಇದು ನಮ್ಮ ಭಾಗದಲ್ಲಿ ಯಾಕೆ ಜಾಸ್ತಿ ಚುಚ್ಚುತ್ತೆ ಅನ್ನೋದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮನ ರಾಜ್ಯ. ಜಹಗೀರು, ಪಟೇಲ, ಪಟವಾರಿ, ಬಿಟ್ಟಿ ಚಾಕರಿ. ಇಲ್ಲಿ ಕ್ರೈಸ್ತರಾದವರಲ್ಲಿ ಬಹಳಷ್ಟು ಮನೆಗಳು ಹೊಲೆಯ, ಮಾದಿಗ ಕೇರಿಗಳಿಂದ ಬಂದವು. ನಮ್ಮಜ್ಜಿಯೂ ಅಂಥ ಕೇರಿಯವಳೇ. ಗೌಡರ ವಾಡೆ ಮುಂದೆ ಹೋಗುವಾಗ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ನಡೆದವಳು. ತಗ್ಗೋದನ್ನ ಅವಳಿಗೆ ಯಾರೂ ಪ್ರಸಂಗ ಮಾಡಿ ಕಲಿಸಬೇಕಿರಲಿಲ್ಲ, ಬೆನ್ನಿಗೇ ಗೊತ್ತಿತ್ತು. ಅವಳಿಗೆ ಸಭೆ ಕೊಟ್ಟಿದ್ದು ಅದರ ಉಲ್ಟಾ. ಬೆಂಚಿನ ಮೇಲೆ ಕೂಡೋದು, ಹೆಸರು ಹಿಡಿದು ಕರೆಸಿಕೊಳ್ಳೋದು, ಎದ್ದು ನಿಂತು ಎಲ್ಲರೆದುರು ಸಾಕ್ಷಿ ಹೇಳೋದು. "ಅಲ್ಲಿ ನಿಂತು ಮಾತಾಡಿದ್ನೆಪಾ, ಯಾರೂ ಸುಮ್ಕ ಕೂಡು ಅನ್ನಲಿಲ್ಲ" ಅಂತ ಎಂಬತ್ತು ದಾಟಿದ ಮೇಲೂ ಹೇಳ್ತಿದ್ದಳು. ವಾಡೆಯ ಮುಂದೆ ಕಳಚಿದ್ದ ಚಪ್ಪಲಿ ಅವಳು ಹಾಕ್ಕೊಂಡಿದ್ದು ಹಾಗೆ. ಅವಳ ಮೊಮ್ಮಗಳು ಅದೇ ಸಭೆಯಲ್ಲಿ ಒಂದು ಪ್ರಶ್ನೆ ಕೇಳಿದ್ದಕ್ಕೆ ಕೋರಹಳಾಗಿಬಿಟ್ಟಳು ಅಂದ್ರೆ, ನಡುವೆ ಎಲ್ಲೋ ಒಂದು ಹೊಸ ವಾಡೆ ಕಟ್ಟಿದ್ದಾರೆ ಅಂತಾಯ್ತು.

"ಕವರಿಂಗ್" ಅನ್ನೋ ಪದವೂ ನಮ್ಮದಲ್ಲ, ಬೈಬಲ್‌ನಲ್ಲಿ ಆ ಅರ್ಥದಲ್ಲಿ ಇರೋದೂ ಅಲ್ಲ. ಅದು ಬೆಳೆದ ದೊಡ್ಡ ತೋಟ 1970ರ ದಶಕದ ಅಮೆರಿಕದಲ್ಲಿತ್ತು, ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್ ಊರಿನಲ್ಲಿ. ಐದು ಜನ ಬೋಧಕರು ಸೇರಿ ಶುರು ಮಾಡಿದ ಚಳವಳಿ. ಪ್ರತಿಯೊಬ್ಬ ವಿಶ್ವಾಸಿಗೂ ಒಬ್ಬ "ಕುರುಬ", ಕೆಲಸ, ಮನೆ, ಮದುವೆ ಎಲ್ಲಕ್ಕೂ ಅವನ ಒಪ್ಪಿಗೆ. ಹತ್ತಿಪ್ಪತ್ತು ವರ್ಷದಲ್ಲಿ ಎಷ್ಟೋ ಸಂಸಾರಗಳು ನೊಂದು, ಆ ಐವರಲ್ಲಿ ಒಬ್ಬರಾದ ಬಾಬ್ ಮಮ್‌ಫೋರ್ಡ್ ಬಹಿರಂಗವಾಗಿ ಕ್ಷಮೆ ಕೇಳಿದರು. ಮೂಲದವರೇ ಕ್ಷಮೆ ಕೇಳಿದ ಮಾಲು ನಮ್ಮೂರಲ್ಲಿ ಇನ್ನೂ ಹೊಸದು ಅಂತ ಮಾರಾಟ ಆಗ್ತಿದೆ.

ಹಾಗಂತ ಯಾರ ಮಾತೂ ಕೇಳಬೇಡಿ ಅಂತ ನಾನು ಹೇಳ್ತಿಲ್ಲ. ಬೆಂಗಳೂರಲ್ಲಿ ಮೂರು ತಿಂಗಳಿಗೊಂದು ಚರ್ಚ್ ಬದಲಾಯಿಸೋ, ಪ್ರಸಂಗ ಇಷ್ಟವಾಗದಿದ್ರೆ ಯೂಟ್ಯೂಬ್‌ನಲ್ಲಿ ಇನ್ನೊಬ್ಬರನ್ನ ಹಚ್ಚಿಕೊಳ್ಳೋ ಗೆಳೆಯರು ನನಗಿದ್ದಾರೆ. ಅವರನ್ನ ತಿದ್ದೋ ಹಕ್ಕು ಈ ಭೂಮಿ ಮೇಲೆ ಯಾರಿಗೂ ಇಲ್ಲ. ಕುಡಿತ ಜಾಸ್ತಿ ಆಗಿದೆ ಕಣೋ ಅಂತ ಹೇಳೋಕೆ ಒಬ್ಬ ಹಿರಿಯ ಇಲ್ಲದ ಬದುಕು ಸ್ವಾತಂತ್ರ್ಯ ಅಂತ ನನಗೆ ಅನಿಸಲ್ಲ. ನಾನು ಬಲ್ಲ ಒಬ್ಬ ಪಾಸ್ಟರ್, ಈಗ ಇಲ್ಲ, ಗಂಡ ಹೆಂಡಿರ ಜಗಳ ಬಿಡಿಸೋಕೆ ರಾತ್ರಿ ಹನ್ನೊಂದಕ್ಕೆ ಸೈಕಲ್ ತುಳಿದು ಬರ್ತಿದ್ರು. ಅವರು ಬೈದ್ರೆ ನಮ್ಮಪ್ಪ ತಲೆ ತಗ್ಗಿಸಿ ನಿಲ್ತಿದ್ದ. ಆ ತಗ್ಗುವಿಕೆ ನೋಡಿ ನನಗೆ ಅವಮಾನ ಅನಿಸಿದ್ದಿಲ್ಲ.

ಇಬ್ರಿಯರ ಪತ್ರದ ಆ ವಚನದಲ್ಲಿ ಗ್ರೀಕ್ ಮೂಲದ ಕ್ರಿಯಾಪದ "ಪೈಥೋ" ಅನ್ನೋದರಿಂದ ಬಂದದ್ದು. ಮನವರಿಕೆ ಮಾಡು ಅಂತ ಅದರರ್ಥ. ಅಲ್ಲಿ ಬಳಸಿರೋ ರೂಪಕ್ಕೆ ಮನವರಿಕೆ ಆಗಿ ಒಪ್ಪು, ಮಾತು ಕೇಳು ಅಂತ ಎರಡೂ ಆಗುತ್ತೆ. ಪದದ ಬೇರು ಹಿಡಿದು ಎಳೆದು ನಮಗೆ ಬೇಕಾದ ಅರ್ಥ ತೆಗೆಯೋದು ಅಪಾಯ, ಅದನ್ನ ಪಾಸ್ಟರ್‌ಗಳು ಮಾಡಿದ್ರೂ ಅಷ್ಟೇ ನಾನು ಮಾಡಿದ್ರೂ ಅಷ್ಟೇ. ಆದ್ರೆ ನಮ್ಮ ಕನ್ನಡ ಇಲ್ಲಿ ಗ್ರೀಕ್‌ಗಿಂತ ಒಂದು ಹೆಜ್ಜೆ ಮುಂದಿದೆ. ನಮ್ಮಲ್ಲಿ "ಕೇಳು" ಅಂದ್ರೆ ಕಿವಿಗೊಡು. "ಮಾತು ಕೇಳು" ಅಂದ್ರೆ ಹೇಳಿದ ಹಾಗೆ ನಡೆ. "ಕೇಳು" ಅಂದ್ರೆ ಪ್ರಶ್ನೆ ಹಾಕು ಅಂತಲೂ ಹೌದು. ಮೂರೂ ಒಂದೇ ಪದ. ನನ್ನ ತಂಗಿ ಪಾಸ್ಟರ್ ಮುಂದೆ ಕೂತು ಕೇಳಿದಳು, ಅವರು ಹೇಳಿದ್ದನ್ನೂ ಕೇಳಿದಳು, ಯಾಕೆ ಅಂತಾನೂ ಕೇಳಿದಳು. ಮೊದಲ ಎರಡು ವಿಧೇಯತೆ, ಮೂರನೆಯದು ದಂಗೆ ಅಂತ ಯಾವ ವ್ಯಾಕರಣ ಹೇಳುತ್ತೆ?

ಕಟ್ಟುನಿಟ್ಟಿನ ವಿಧೇಯತೆ ಕಲಿಸಿದವರು ಕೂಡ ಮೂರನೆಯ ಕೇಳುವಿಕೆಗೆ ಜಾಗ ಬಿಟ್ಟಿದ್ದಾರೆ. ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ, ಸನ್ಯಾಸಿ ತನ್ನ ಮೇಲಿನವರ ಕೈಯಲ್ಲಿ ಹೆಣದ ಹಾಗಿರಬೇಕು ಅಂತ ಹೇಳಿದವರು. ಸೂಫಿಗಳಲ್ಲೂ ಇದೇ ಉಪಮೆ ಇದೆ. ಮುರೀದನಾದವನು ಪೀರನ ಕೈಯಲ್ಲಿ, ಹೆಣ ತೊಳೆಯುವವನ ಕೈಯಲ್ಲಿನ ಹೆಣದಂತೆ. ಖಾಜಾ ಬಂದೇ ನವಾಜರ ದರ್ಗಾ ಇರೋ ಕಲಬುರಗಿಯ ಜನಕ್ಕೆ ಪೀರ್–ಮುರೀದ್ ಸಂಬಂಧ ಹೊಸದೇನಲ್ಲ. ಕೇಳೋಕೆ ಭಯಂಕರ. ಆದ್ರೆ ಅದೇ ಇಗ್ನೇಷಿಯಸ್‌ರ ನಿಯಮದಲ್ಲಿ ಪಾಪ ಕಾಣದ ಕಡೆ ಮಾತ್ರ ಅನ್ನೋ ಷರತ್ತಿದೆ, ನನಗೆ ಬೇರೆ ಅನಿಸ್ತಿದೆ ಅಂತ ಪ್ರಾರ್ಥನೆ ಮಾಡಿ ಮೇಲಿನವರಿಗೆ ತಿಳಿಸೋ ಅವಕಾಶವೂ ಇದೆ. ಆರನೇ ಶತಮಾನದ ಬೆನೆಡಿಕ್ಟ್‌ನ ಮಠದ ನಿಯಮ ಇನ್ನೂ ಸ್ಪಷ್ಟ. ದೊಡ್ಡ ತೀರ್ಮಾನ ಇದ್ದಾಗ ಮಠಾಧಿಪತಿ ಎಲ್ಲರನ್ನೂ ಕರೆದು ಕೇಳಬೇಕು, ಯಾಕಂದ್ರೆ ಎಷ್ಟೋ ಸಲ ದೇವರು ಒಳ್ಳೇದನ್ನ ತೋರಿಸೋದು ಎಲ್ಲರಿಗಿಂತ ಕಿರಿಯವನಿಗೆ. ಹದಿನಾಲ್ಕು ಹದಿನೈದು ಶತಮಾನದ ಹಿಂದಿನ ಮಠದಲ್ಲಿ ಇದ್ದ ಅನುಕೂಲ ಇಪ್ಪತ್ತೈದು ಮನೆಯ ಬಾಡಿಗೆ ಹಾಲ್‌ನಲ್ಲಿ ಇಲ್ಲ.

ವಾಡಿ ಜಂಕ್ಷನ್ನಲ್ಲಿ ಬೆಳೆದವರಿಗೆ ಇದನ್ನ ಹೇಳೋದು ಸುಲಭ. ಮುಂಬೈ–ಚೆನ್ನೈ ದಾರಿಯಿಂದ ಸಿಕಂದರಾಬಾದ್ ಕಡೆಗೆ ಹಳಿ ಕವಲೊಡೆಯೋ ಜಾಗ ಅದು, ನಿಜಾಮನ ಕಾಲದಲ್ಲಿ, 1874ರಲ್ಲಿ ಶುರುವಾದ ಲೈನು. ಲೋಕೋ ಪೈಲಟ್‌ಗೆ ಸ್ಟೇಷನ್ ಮಾಸ್ಟರ್ ಯಾರು, ಒಳ್ಳೆಯವರೋ ಕೆಟ್ಟವರೋ ಗೊತ್ತಿಲ್ಲ. ಹಸಿರು ಕಂಡ್ರೆ ಹೋಗ್ತಾನೆ, ಕೆಂಪು ಕಂಡ್ರೆ ನಿಲ್ತಾನೆ. ಸಾವಿರಾರು ಜೀವ ಹಿಂದೆ ಇಟ್ಟುಕೊಂಡು ಅಷ್ಟು ನಿಶ್ಚಿಂತೆಯಿಂದ ಮಾತು ಕೇಳೋಕೆ ಹೇಗೆ ಸಾಧ್ಯ? ಇಂಟರ್‌ಲಾಕಿಂಗ್ ಇರೋದರಿಂದ. ಪಾಯಿಂಟ್ ಒಂದು ಕಡೆ ತಿರುಗಿದ್ದು ಸಿಗ್ನಲ್ ಇನ್ನೊಂದು ಕಡೆಗೆ ಹಸಿರು ಕೊಡೋದನ್ನ ಆ ವ್ಯವಸ್ಥೆ ಬಿಡಲ್ಲ, ಸ್ಟೇಷನ್ ಮಾಸ್ಟರ್ ಬಯಸಿದ್ರೂ ಬಿಡಲ್ಲ. ಸಿಗ್ನಲ್ ಕೊಡುವವನ ಕೈಯೂ ಕಟ್ಟಿದೆ ಅನ್ನೋ ಧೈರ್ಯದ ಮೇಲೆ ಡ್ರೈವರ್‌ನ ವಿಧೇಯತೆ ನಿಂತಿದೆ. ಆ ಕಟ್ಟು ಸಡಿಲಾದ್ರೆ ಏನಾಗುತ್ತೆ ಅಂತ 2023ರ ಜೂನ್ 2ರಂದು ಒಡಿಶಾದ ಬಹಾನಗಾ ಬಜಾರ್‌ನಲ್ಲಿ ದೇಶ ನೋಡಿತು. ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮುಖ್ಯ ಹಳಿಯ ಹಸಿರು ಸಿಕ್ಕಿತ್ತು, ಪಾಯಿಂಟ್ ಗೂಡ್ಸ್ ನಿಂತಿದ್ದ ಲೂಪ್ ಲೈನಿಗೆ ತಿರುಗಿತ್ತು. ಡ್ರೈವರ್ ಸಿಗ್ನಲ್ ಮೀರಿರಲಿಲ್ಲ.

ನಿಮ್ಮ ಸಭೆಯಲ್ಲಿ ಇಂಟರ್‌ಲಾಕಿಂಗ್ ಎಲ್ಲಿದೆ? ನಮ್ಮ ಭಾಗದಲ್ಲಿ ಹಳಬರು ಮೆಥೋಡಿಸ್ಟರು. ಅಲ್ಲಿ ಬಿಷಪ್ ಇದ್ದಾರೆ, ಜಿಲ್ಲಾ ಮೇಲ್ವಿಚಾರಕರಿದ್ದಾರೆ, ಕಾನ್ಫರೆನ್ಸ್ ಇದೆ, ಪಾಸ್ಟರ್‌ಗಳಿಗೆ ವರ್ಗಾವಣೆ ಇದೆ. ಕಥೋಲಿಕರಿಗೆ 2005ರಿಂದ ಕಲಬುರಗಿಯೇ ಧರ್ಮಕ್ಷೇತ್ರ. ಮೇಲೊಬ್ಬರು ಇದ್ದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ, ಚರ್ಚ್ ಆಸ್ತಿಯ ಜಗಳ ಕೋರ್ಟ್ ಮೆಟ್ಟಿಲು ಹತ್ತೋದು ಈ ದೇಶದಲ್ಲಿ ಸುದ್ದಿಯೇ ಅಲ್ಲ. ಆದ್ರೂ ದೂರು ಬರೆಯೋಕೆ ಒಂದು ವಿಳಾಸ ಇದೆ. ಸ್ವತಂತ್ರ ಹಾಲ್‌ಗಳಲ್ಲಿ ಪಾಸ್ಟರ್ ಅಧ್ಯಕ್ಷರು, ಅವರ ಮನೆಯವರು ಖಜಾಂಚಿ, ಭಾಮೈದ ಕಾರ್ಯದರ್ಶಿ. ದೂರು ಕೊಡಬೇಕು ಅಂದ್ರೆ ಅವರ ಮನೆಯ ಊಟದ ಹೊತ್ತಿಗೆ ಹೋದ್ರೆ ಕೋರಂ ಸಿಗುತ್ತೆ. ನೀವು ಕೆಲಸ ಮಾಡೋ ಕಂಪನಿಯಲ್ಲಿ ಮ್ಯಾನೇಜರ್ ಕೆಟ್ಟದಾಗಿ ನಡ್ಕೊಂಡ್ರೆ ಎಚ್‌ಆರ್ ಇದೆ, 2013ರ ಕಾನೂನಿನ ಪ್ರಕಾರ ಹೆಣ್ಣುಮಕ್ಕಳಿಗೆ ಆಂತರಿಕ ಸಮಿತಿ ಇದೆ. ಅವೂ ಎಷ್ಟೋ ಕಡೆ ನೆಪಕ್ಕೆ, ಗೊತ್ತು. ಆದ್ರೆ "ದೇವರು ನನಗೆ ಹೇಳಿದ್ದಾನೆ" ಅಂತ ಮ್ಯಾನೇಜರ್ ಹೇಳಿದ್ರೆ ನೀವು ನಗ್ತೀರಿ.

ಹಿರಿಯನ ಮೇಲಿನ ದೂರಿಗೆ ಎರಡು ಮೂರು ಸಾಕ್ಷಿ ಬೇಕು ಅನ್ನೋ ನಿಯಮ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿದೆ. ಅದನ್ನ ಎಲ್ಲರೂ ಬಲ್ಲರು. ಅದರ ಮುಂದಿನ ವಚನವೇ, ತಪ್ಪು ಮಾಡಿದವರನ್ನ ಎಲ್ಲರ ಎದುರಿಗೆ ಗದರಿಸಬೇಕು ಅನ್ನೋದು. ಪೌಲ ಅದನ್ನ ಮಾಡಿಯೂ ತೋರಿಸಿದ. ಅನ್ಯಜನರ ಜೊತೆ ಊಟಕ್ಕೆ ಕೂಡ್ತಿದ್ದ ಪೇತ್ರ, ಯೆರೂಸಲೇಮಿನಿಂದ ಕೆಲವರು ಬಂದ ಕೂಡಲೇ ಹೆದರಿ ಪಂಕ್ತಿ ಬಿಟ್ಟೆದ್ದಾಗ, ಅಂತಿಯೋಕ್ಯದಲ್ಲಿ ಎಲ್ಲರ ಮುಂದೆ ಎದುರು ನಿಂತು ಕೇಳಿದ. ಪಂಕ್ತಿಭೇದದ ನೋವು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ನೀವು ಹೋಗಿದ್ದೀರೋ ಇಲ್ವೋ, ಭೀಮಾ ನದಿ ದಂಡೆಯ ಊರು. 1986ರಲ್ಲಿ ಅಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿಕಾ ಗುಡಿಯ ಮಾಳಿಗೆ ಕುಸಿದಾಗ, ವಿಗ್ರಹದ ಪೀಠಕ್ಕೆ ಬಳಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ತು. ಅದರಲ್ಲಿ "ಪ್ರತ್ಯೇಕ ಶಾಸನಗಳು" ಅಂತ ಕರೆಯೋ ಎರಡು ಇವೆ, ಒಡಿಶಾದ ಧೌಲಿ, ಜೌಗಡ ಬಿಟ್ರೆ ಇಲ್ಲೇ ಸಿಕ್ಕಿದ್ದು. ಇತಿಹಾಸದವರು ಇದರ ಬಗ್ಗೆ ಹೇಳೋದು ಬಹಳ ಇದೆ. ನನಗೆ ಬೇಕಿರೋದು ಅದರ ವಿಳಾಸ. ಅವು ಪ್ರಜೆಗಳಿಗೆ ಬರೆದ ಶಾಸನಗಳಲ್ಲ, ಮಹಾಮಾತ್ರರಿಗೆ, ಅಂದ್ರೆ ಅಧಿಕಾರಿಗಳಿಗೆ ಬರೆದದ್ದು. ಜನರೆಲ್ಲ ನನ್ನ ಮಕ್ಕಳಿದ್ದಂತೆ, ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಡಬೇಡಿ, ಹೊಟ್ಟೆಕಿಚ್ಚು, ಸಿಟ್ಟು, ಅವಸರ, ಸೋಮಾರಿತನ ಇದ್ದವರಿಂದ ನ್ಯಾಯ ಆಗಲ್ಲ ಅನ್ನೋ ಸಾರ. ನನ್ನನ್ನ ತಡೆದು ನಿಲ್ಲಿಸಿದ್ದು ಕೊನೆಯ ಸೂಚನೆ. ಇದನ್ನ ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಹೇಳಬೇಕು, ನಡುವೆಯೂ ಓದಬೇಕು, ಒಬ್ಬನೇ ಇದ್ರೂ ಅವನಿಗೆ ಕೇಳಿಸಬೇಕು. ಅಂದ್ರೆ ಅಧಿಕಾರಿಗೆ ಬಂದ ಕಾಗದ, ಕಟ್ಟೆ ಮೇಲೆ ಕೂತ ರೈತನ ಕಿವಿಗೂ ಬೀಳಬೇಕು. ನಾಳೆ ಅಧಿಕಾರಿ ಅವನನ್ನ ಸುಮ್ಮನೆ ಹಿಡಿದು ಹಾಕಿದ್ರೆ, "ಸ್ವಾಮಿ, ನಿಮಗೆ ಬಂದ ಕಾಗದದಲ್ಲಿ ಹೀಗಿಲ್ಲವಲ್ಲ" ಅನ್ನೋಕಾದ್ರೂ ಅವನಿಗೆ ಬಾಯಿರಬೇಕು.

ನಮ್ಮ ಹಾಲ್‌ಗಳಲ್ಲಿ ನಡೀತಿರೋದು ಇದರ ತಿರುವುಮುರುವು. ಕುರಿಗಳಿಗೆ ಬಂದ ಕಾಗದವನ್ನ ಕುರಿಗಳಿಗೆ ವಾರ ವಾರ ಓದ್ತಾರೆ. ಕುರುಬನಿಗೆ ಬಂದದ್ದು ಕುರುಬನ ಜೇಬಲ್ಲಿ. ಪೇತ್ರನ 5ನೇ ಅಧ್ಯಾಯದ ಮೇಲೆ ಪಾಸ್ಟರ್ ಒಬ್ಬರು ತಮ್ಮದೇ ಸಭೆಯ ಎದುರು ಪ್ರಸಂಗ ಮಾಡಿದ್ದು ನಾನು ಜೀವನದಲ್ಲಿ ಒಂದೇ ಸಲ ಕೇಳಿದ್ದೀನಿ. ಅವತ್ತು ಅವರು ವರ್ಷದ ಲೆಕ್ಕವನ್ನೂ ಓದಿದ್ರು, ತಮ್ಮ ಸಂಬಳ ಸೇರಿಸಿ. ಸೈಕಲ್ ಪಾಸ್ಟರ್ ಅವರೇ.

ಸರ್ಕಾರದ ವಿಷಯಕ್ಕೆ ಬಂದ್ರೂ ವಿಳಾಸದ ಪ್ರಶ್ನೆ ಬಿಡಲ್ಲ. ರೋಮಾಪುರದವರಿಗೆ ಬರೆದ ಪತ್ರ ನೀರೋ ಆಳ್ತಿದ್ದ ಕಾಲದ್ದು, ಆದ್ರೆ ನೀರೋಗೆ ಬರೆದದ್ದಲ್ಲ. ಅವನ ಕೈಗೆ ಕೊಟ್ಟ ಪರವಾನಗಿ ಅಲ್ಲ. ಅಧಿಕಾರ ಇರೋದು ನಿಮ್ಮ ಒಳಿತಿಗೆ, ಅಧಿಕಾರಿ ದೇವರ ಸೇವಕ ಅನ್ನೋ ವಿವರಣೆ ಅಲ್ಲೇ ಇದೆ. ಜರ್ಮನಿಯಲ್ಲಿ ಹಿಟ್ಲರ್ ಕಾಲದ ಎಷ್ಟೋ ಪಾದ್ರಿಗಳು ಅದನ್ನ ಸರ್ಕಾರದ ಪರವಾಗಿ ತಾವೇ ತೆಗೆದು ಓದಿದ್ರು. 1934ರ ಮೇ ತಿಂಗಳಲ್ಲಿ ಬಾರ್ಮೆನ್ ಊರಿನಲ್ಲಿ ಸೇರಿದವರು, ರಾಜ್ಯಕ್ಕೆ ಅದರ ಕೆಲಸ ಇದೆ, ಆದ್ರೆ ಮನುಷ್ಯನ ಇಡೀ ಬದುಕಿಗೆ ಅದು ಒಡೆಯ ಅಲ್ಲ ಅಂತ ಘೋಷಣೆ ಬರೆದ್ರು.

ನಮ್ಮ ದೇಶದ ಉದಾಹರಣೆ ಇನ್ನೂ ಚೆಂದ, ಅದರಲ್ಲಿ ಇರೋದು ಮಕ್ಕಳು. 1985ರಲ್ಲಿ ಕೇರಳದ ಒಂದು ಶಾಲೆಯಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಮೂವರು ಒಡಹುಟ್ಟಿದವರು ರಾಷ್ಟ್ರಗೀತೆಗೆ ಎದ್ದು ನಿಲ್ತಿದ್ರು, ಹಾಡ್ತಿರಲಿಲ್ಲ. ಹಾಡೋದು ತಮ್ಮ ನಂಬಿಕೆಗೆ ಒಪ್ಪಲ್ಲ ಅಂತ. ಶಾಲೆಯಿಂದ ಹೊರಗೆ ಹಾಕಿದ್ರು. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಗೌರವದಿಂದ ನಿಂತ ಮಕ್ಕಳು ಅಗೌರವ ತೋರಿಸಿಲ್ಲ, ವಾಪಸ್ ಸೇರಿಸಿಕೊಳ್ಳಿ ಅಂತ ತೀರ್ಪು ಕೊಡ್ತು. ನನ್ನದು ಆ ಪಂಥ ಅಲ್ಲ, ನಾನು ಗಟ್ಟಿಯಾಗಿ ಹಾಡ್ತೀನಿ. ಆದ್ರೆ ಅಧೀನತೆಗೂ ವಿಧೇಯತೆಗೂ ಇರೋ ವ್ಯತ್ಯಾಸವನ್ನ ಆ ಮಕ್ಕಳಿಗಿಂತ ಚೆನ್ನಾಗಿ ಯಾರೂ ಬಿಡಿಸಿ ತೋರಿಸಿಲ್ಲ. ನಿಲ್ತೀವಿ, ಹಾಡಲ್ಲ, ಶಿಕ್ಷೆ ಕೊಟ್ರೆ ತಗೊಳ್ತೀವಿ, ತಗೊಂಡು ಕೋರ್ಟ್‌ಗೆ ಹೋಗ್ತೀವಿ.

ಇನ್ನೊಂದು ವಿಷಯ ಇದೆ, ಇದರ ಬಗ್ಗೆ ಪ್ರಸಂಗ ಯಾರೂ ಮಾಡಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಆಗಿದ್ರೆ ಮಾತ್ರ ಪರಿಶಿಷ್ಟ ಜಾತಿ. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು. ಕ್ರೈಸ್ತರಾದ ದಲಿತರು ಹೊರಗೇ. ಹಾಗಾಗಿ ದೇಶದ ಎಷ್ಟೋ ಕಡೆ, ಭಾನುವಾರ ಒಂದು ಹೆಸರು ಸೋಮವಾರ ಸರ್ಟಿಫಿಕೇಟ್‌ನಲ್ಲಿ ಒಂದು ಹೆಸರು ಇರೋ ಜನ ಇದ್ದಾರೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ನಂಬಿಕೆ ಇಲ್ಲದೆ ಮೀಸಲಾತಿಗೋಸ್ಕರ ಮಾತ್ರ ಧರ್ಮ ಹೇಳಿಕೊಳ್ಳೋದು ಸಂವಿಧಾನಕ್ಕೆ ಮೋಸ ಅಂತ ಹೇಳ್ತು. ಅಧಿಕಾರಕ್ಕೆ ಅಧೀನರಾಗಿ ಅಂತ ಬೋಧಿಸೋ ಪುಲ್ಪಿಟ್ ಮುಂದೆ ಕೂತ ಒಬ್ಬ ಹುಡುಗನ ಕಷ್ಟ ಊಹಿಸಿ. ನಿಜ ಹೇಳಿದ್ರೆ ಹಾಸ್ಟೆಲ್ ಸೀಟು ಹೋಗುತ್ತೆ, ಹೇಳದಿದ್ರೆ ಮನಸ್ಸು ಚುಚ್ಚುತ್ತೆ. ಧರ್ಮ ಬದಲಾದ್ರೂ ಕೇರಿ ಬದಲಾಗಿಲ್ಲ, ಬಾವಿಯ ಕಟ್ಟೆ ಬದಲಾಗಿಲ್ಲ. ಅವನಿಗೆ ಸುಳ್ಳು ಬರಿ ಅಂತ ನಾನು ಹೇಳಲಾರೆ. ಆದ್ರೆ ಅವನಿಗೆ ರೋಮಾಪುರದ 13ನೇ ಅಧ್ಯಾಯ ಓದಿ ಮನೆಗೆ ಹೋಗೋ ಪಾಸ್ಟರ್ ಬಗ್ಗೆ ನನಗೆ ಸಿಟ್ಟಿದೆ. ಆ ಹುಡುಗನಿಗೆ ವಚನ ಓದೋ ಮುಂಚೆ, ಈ ಆದೇಶ ಸರಿಯಲ್ಲ ಅಂತ ದೆಹಲಿಗೆ ಒಂದು ಕಾಗದ ಬರೆದು ತಮ್ಮ ಹೆಸರಲ್ಲಿ ಸಹಿ ಹಾಕಲಿ. ಅಧಿಕಾರಕ್ಕೆ ಅಧೀನರಾದವರು ಅಧಿಕಾರದ ಜೊತೆ ಮಾತಾಡೋದು ಹಾಗೆ. 2022ರಲ್ಲಿ ರಾಜ್ಯ ಮತಾಂತರ ಕಾಯ್ದೆ ತಂದು, ಧರ್ಮ ಬದಲಿಸೋರು 30 ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂದಾಗ ಬಿಷಪ್‌ರು ಬೀದಿಗಿಳಿದ್ರು, ಕೋರ್ಟ್‌ಗೂ ಹೋದ್ರು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನ ರದ್ದು ಮಾಡೋಕೆ ತೀರ್ಮಾನಿಸಿತು. ಸಭೆಯ ಮೇಲೆ ಬಂದಾಗ ಮಾತಾಡೋಕೆ ಬರುತ್ತೆ ಅಂತಾಯ್ತಲ್ಲ.

ಫೋನ್‌ನಲ್ಲಿ ತಂಗಿಗೆ ನಾನು ಸೌಲನ ಕತೆ ಹೇಳಲಿಲ್ಲ, ಕೀರ್ತನೆಯನ್ನೂ ಹೇಳಲಿಲ್ಲ. ಅವೆಲ್ಲ ನಾನು ಆಮೇಲೆ ಕೂತು ಓದಿ ಹುಡುಕಿದ್ದು. ಅವತ್ತು ಹೇಳಿದ್ದು ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯ. ಫಿಲಿಪ್ಪಿ ಊರಲ್ಲಿ ಪೌಲ, ಸೀಲ ಇಬ್ಬರನ್ನೂ ವಿಚಾರಣೆ ಇಲ್ಲದೆ ಬಹಿರಂಗವಾಗಿ ಹೊಡೆಸಿ ಸೆರೆಗೆ ಹಾಕಿದ್ರು. ಬೆಳಗಾದ ಮೇಲೆ, ಬಿಟ್ಟುಬಿಡಿ, ಸುಮ್ಮನೆ ಹೋಗಲಿ ಅಂತ ಅಧಿಕಾರಿಗಳು ಆಳುಗಳ ಕೈಲಿ ಹೇಳಿ ಕಳಿಸಿದ್ರು. ಅಧೀನರಾಗಿರಿ ಅಂತ ಮುಂದೆ ರೋಮ್‌ಗೆ ಬರೆದವನು ಇದೇ ಪೌಲ. ಅವನು ಹೊರಡಲಿಲ್ಲ. ನಾವು ರೋಮ್‌ನ ಪ್ರಜೆಗಳು, ಎಲ್ಲರೆದುರು ಹೊಡೆದು ಈಗ ಗುಟ್ಟಾಗಿ ಕಳಿಸ್ತಾರಾ, ಅವರೇ ಬಂದು ಕರ್ಕೊಂಡು ಹೋಗಲಿ ಅಂದ.

"ಬಂದ್ರೇನು ಮತ್ತ?" ಅಂತ ಕೇಳಿದಳು.

ಬಂದ್ರು. ಬಂದು ಬೇಡಿಕೊಂಡ್ರು, ಊರು ಬಿಟ್ಟು ಹೋಗಿ ಅಂತ. ಪೌಲ, ಸೀಲ ಸೆರೆಯಿಂದ ಹೊರಗೆ ಬಂದು ಮೊದಲು ಲುದ್ಯಳ ಮನೆಗೆ ಹೋದ್ರು, ಅಲ್ಲಿದ್ದವರ ಜೊತೆ ಕೂತು ಧೈರ್ಯ ಹೇಳಿದ್ರು. ಆಮೇಲೆ ಹೊರಟ್ರು.